ಸನ್ನದಿನಿಂದ ಪದವಿಗೆ: ಕರ್ನಾಟಕದಲ್ಲಿ ವಕೀಲನಾಗುವ ದಾರಿಯ ಚಾರಿತ್ರಿಕ ನೋಟ

‘ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ’ ಎಂಬ ಗಾದೆ ಕನ್ನಡ ನಾಡಿನ ಹಲವು ಭಾಗಗಳಲ್ಲಿ ಬಳಕೆಯಲ್ಲಿದೆ. ವ್ಯಾಜ್ಯದ ಖರ್ಚು, ಕಾಲಹರಣ ಹಾಗೂ ಮನಸ್ತಾಪಗಳನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವ ಈ ಮಾತು ಈಗಿನ ರೂಪದಲ್ಲಿ ಬಹಳ ಹಳೆಯದಲ್ಲ. ‘ಕೋರ್ಟು’ ಎಂಬ ಪದವೇ ಅದರ ವಯಸ್ಸನ್ನು ಸೂಚಿಸುತ್ತದೆ. ಗೆದ್ದವನೂ ಸೋತವನೂ ಇರುವ ಈ ಗಾದೆಯಲ್ಲಿ ಅವರಿಬ್ಬರ ಪರವಾಗಿ ಮಾತನಾಡಿದ ಮೂರನೆಯವನು ಕಾಣಿಸುವುದಿಲ್ಲ. ಕಟ್ಟೆ ಪಂಚಾಯಿತಿಯನ್ನು ಕುರಿತು ಜಾನಪದ ವಿದ್ವಾಂಸರೂ ನ್ಯಾಯಾಲಯಗಳ ಬೆಳವಣಿಗೆಯನ್ನು ಕುರಿತು ಇತಿಹಾಸಕಾರರೂ ಸಾಕಷ್ಟು ಬರೆದಿದ್ದಾರೆ. ಕಟ್ಟೆಯಿಂದ ಕಚೇರಿಗೆ ಜನರನ್ನು ಕರೆದೊಯ್ದ ವಕೀಲ ಎಂಬ ವ್ಯಕ್ತಿ ಹೇಗೆ ರೂಪುಗೊಂಡ, ಅವನ ಅಧಿಕಾರ ಎಲ್ಲಿಂದ ಬಂತು, ಆ ಅಧಿಕಾರಕ್ಕೆ ಕಾನೂನು ಪದವಿ ಯಾವಾಗ ಮತ್ತು ಹೇಗೆ ಆಧಾರವಾಯಿತು ಎಂಬ ಪ್ರಶ್ನೆಗಳಿಗೆ ದೊರೆತ ಗಮನ ಕಡಿಮೆ. ಈ ಪ್ರಶ್ನೆಗಳನ್ನು ಕರ್ನಾಟಕದ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಪದದ ಚರಿತ್ರೆ

‘ವಕೀಲ’ ಅರಬ್ಬೀ ಮೂಲದ ಪದ. ಮತ್ತೊಬ್ಬನ ಪರವಾಗಿ ವ್ಯವಹರಿಸಲು ನಿಯುಕ್ತನಾದವನು ಎಂಬುದು ಅದರ ಮೂಲಾರ್ಥ. ಹದಿನೆಂಟನೆಯ ಶತಮಾನದಲ್ಲಿ ಹೈದರಾಲಿ, ಟಿಪ್ಪು ಸುಲ್ತಾನ್ ಹಾಗೂ ಪೇಶ್ವೆಯರ ಆಸ್ಥಾನಗಳ ನಡುವೆ ಸಂಧಾನ ನಡೆಸುತ್ತಿದ್ದ ರಾಜಪ್ರತಿನಿಧಿಗಳನ್ನೂ ವಕೀಲರೆಂದೇ ಕರೆಯಲಾಗುತ್ತಿತ್ತು. ದೊರೆಯ ಪರವಾಗಿ ಮಾತನಾಡುವವನನ್ನು ಸೂಚಿಸುತ್ತಿದ್ದ ಪದವೇ ಮುಂದೆ ಕಕ್ಷಿದಾರನ ಪರವಾಗಿ ಮಾತನಾಡುವವನಿಗೆ ನಿಂತಿತು. ಎರಡೂ ಸಂದರ್ಭಗಳಲ್ಲಿ ಅಧಿಕಾರದ ಮೂಲ ಒಂದೇ: ಕಳುಹಿಸಿದವನ ನಂಬಿಕೆ. ಆ ನಂಬಿಕೆಯ ಲಿಖಿತ ರೂಪವೇ ‘ವಕಾಲತ್ತು’. ಇಂದಿಗೂ ಕಕ್ಷಿದಾರ ವಕಾಲತ್ತಿಗೆ ರುಜು ಹಾಕಿಕೊಟ್ಟ ನಂತರವೇ ವಕೀಲ ಅವನ ಪರವಾಗಿ ಹಾಜರಾಗುತ್ತಾನೆ.

ಈ ಪದದೊಂದಿಗೆ ಒಂದು ಇಡೀ ಪದಕೋಶವೇ ಕನ್ನಡಕ್ಕೆ ಬಂದಿದೆ. ಅರ್ಜಿ, ಫಿರ್ಯಾದಿ, ಜಾಮೀನು, ಮೊಕದ್ದಮೆ, ತಕರಾರು, ರುಜುವಾತು, ಜಾರಿ, ಖುಲಾಸೆ, ಅಮೀನ, ಗುಮಾಸ್ತೆ ಮೊದಲಾದವು ಅರಬ್ಬೀ ಮತ್ತು ಫಾರಸಿ ಮೂಲದವು. ಆದಿಲಶಾಹಿ, ಮೊಗಲ, ಮರಾಠಾ ಹಾಗೂ ಮೈಸೂರಿನ ಆಡಳಿತಗಳ ಮೂಲಕ ಬಂದ ಇವು ಶಾನುಭೋಗರ ಕಡತಗಳಿಂದ ರೈತರ ಬಾಯಿಗೆ ಇಳಿದವು. ಹಳೆಯ ಕ್ರಯಪತ್ರಗಳ ಕೊನೆಯಲ್ಲಿ ಬರೆದವನ ಹೆಸರಿನೊಂದಿಗೆ ಬರುವ ‘ಬಿಕ್ಕಲಂ’ ಎಂಬುದೂ ಇದೇ ವರ್ಗದ್ದು. ಒಂದು ಕಾಲಕ್ಕೆ ಪರಕೀಯವಾಗಿದ್ದ ಈ ಪದಗಳು ಗ್ರಾಮೀಣರಿಗೆ ಇಂದು ತಮ್ಮದೇ ಆಗಿವೆ. ಕಾನೂನಿನ ಭಾಷೆಯನ್ನು ಜನಪದರು ತಮ್ಮದಾಗಿಸಿಕೊಂಡ ಮೊದಲ ಘಟ್ಟ ಇದು. ಎರಡನೆಯ ಘಟ್ಟದಲ್ಲಿ ಇಂಗ್ಲಿಷ್ ಬಂದಾಗ ಇಷ್ಟು ಆಳವಾದ ಬೆರೆಯುವಿಕೆ ನಡೆಯಲಿಲ್ಲ.

ಕಟ್ಟೆಯ ನ್ಯಾಯ ಮತ್ತು ಗ್ರಂಥದ ನ್ಯಾಯ

ವಕೀಲನಿಲ್ಲದ ನ್ಯಾಯಕ್ರಮ ನಾಡಿಗೆ ಪರಿಚಿತವಾದುದೇ ಆಗಿತ್ತು. ಊರ ಕಟ್ಟೆಯಲ್ಲಿ ಗೌಡ ಮತ್ತು ಹಿರಿಯರ ಮುಂದೆ ವಾದಿ ಪ್ರತಿವಾದಿಗಳು ತಮ್ಮ ಮಾತನ್ನು ತಾವೇ ಆಡುತ್ತಿದ್ದರು. ದೇವರ ಮುಂದೆ ಮಾಡಿದ ಪ್ರಮಾಣವೇ ಅನೇಕ ವೇಳೆ ಅಂತಿಮ ಸಾಕ್ಷ್ಯವಾಗುತ್ತಿತ್ತು. ಧರ್ಮಸ್ಥಳದಲ್ಲಿ ಹೆಗ್ಗಡೆಯವರ ಮುಂದೆ ದೂರು ಹೇಳಿಕೊಳ್ಳುವ ‘ಹೊಯಿಲು’ ಈ ಬಗೆಯ ಪರಂಪರೆಗೆ ಒಂದು ನಿದರ್ಶನ. ಜನಪದರ ಕಲ್ಪನೆಯಲ್ಲಿ ಆಡಿದ ಮಾತೇ ಜಾಮೀನು. ಗೋವಿನ ಹಾಡಿನ ಪುಣ್ಯಕೋಟಿಗೆ ತನ್ನ ಮಾತಲ್ಲದೆ ಬೇರೆ ಹೊಣೆಗಾರರಿಲ್ಲ.

ಆದರೆ ಕಟ್ಟೆಯ ನ್ಯಾಯವನ್ನು ಆದರ್ಶವೆಂದು ಪರಿಗಣಿಸುವುದು ಚರಿತ್ರೆಗೆ ಮಾಡುವ ಅಪಚಾರವಾದೀತು. ಕಟ್ಟೆಯ ಮೇಲೆ ಯಾರು ಕೂರಬೇಕು, ಯಾರು ಕೆಳಗೆ ನಿಲ್ಲಬೇಕು, ಯಾರು ದೂರದಲ್ಲಿ ಕೈಕಟ್ಟಿ ನಿಲ್ಲಬೇಕು ಎಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ಹೆಣ್ಣಿನ ಅಹವಾಲು ಬಹುಮಟ್ಟಿಗೆ ಗಂಡಸಿನ ಬಾಯಿಂದಲೇ ಬರಬೇಕಾಗಿತ್ತು. ತನ್ನ ಮಾತನ್ನು ತಾನೇ ಆಡುವ ಸ್ವಾತಂತ್ರ್ಯ ಎಲ್ಲರಿಗೂ ಸಮಾನವಾಗಿರಲಿಲ್ಲ. ಆದ್ದರಿಂದ ವಕೀಲನ ಆಗಮನವನ್ನು ಕೇವಲ ನಷ್ಟವೆಂದು ಬಗೆಯಲಾಗದು.

ಗ್ರಂಥಸ್ಥ ಪರಂಪರೆಯ ಕಥೆ ಬೇರೆ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ (1076-1126) ಆಶ್ರಯದಲ್ಲಿ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವೇ ‘ಮಿತಾಕ್ಷರಾ’. ಬಂಗಾಳವನ್ನುಳಿದು ಭಾರತದ ಬಹುಭಾಗದಲ್ಲಿ ಹಿಂದೂ ಕುಟುಂಬದ ಆಸ್ತಿ ಹಂಚಿಕೆಗೆ ಇದು ಪ್ರಮಾಣವಾಯಿತು. 1810ರಲ್ಲಿ ಎಚ್.ಟಿ. ಕೋಲ್‌ಬ್ರೂಕ್ ಅದರ ದಾಯಭಾಗದ ಪ್ರಕರಣವನ್ನು ಇಂಗ್ಲಿಷಿಗೆ ಅನುವಾದಿಸಿದನು. ಕಂಪನಿಯ ನ್ಯಾಯಾಲಯಗಳಲ್ಲಿ ಶಾಸ್ತ್ರದ ಅಭಿಪ್ರಾಯ ನೀಡಲು ನೇಮಕಗೊಂಡಿದ್ದ ಪಂಡಿತರು ಮತ್ತು ಮೌಲ್ವಿಗಳ ಹುದ್ದೆಗಳನ್ನು 1864ರಲ್ಲಿ ರದ್ದುಗೊಳಿಸಲಾಯಿತು. ಅಲ್ಲಿಂದ ಮುಂದೆ ಕನ್ನಡ ನೆಲದಲ್ಲಿ ಹುಟ್ಟಿದ ಈ ಸಂಸ್ಕೃತ ಗ್ರಂಥವನ್ನು ಕನ್ನಡಿಗ ವಕೀಲ ಇಂಗ್ಲಿಷ್ ಅನುವಾದದ ಮೂಲಕ ಓದಿ, ಇಂಗ್ಲಿಷಿನಲ್ಲಿ ಉಲ್ಲೇಖಿಸಿ ವಾದಿಸಬೇಕಾಯಿತು. ಅಣ್ಣತಮ್ಮಂದಿರ ಪಾಲಿನ ವ್ಯಾಜ್ಯ ಹಳ್ಳಿಯಲ್ಲೇ ಉಳಿದರೂ ಅದನ್ನು ಬಿಡಿಸುವ ವಿದ್ಯೆ ಪಟ್ಟಣದ ಕಾಲೇಜಿಗೆ ಹೋಯಿತು.

ಸನ್ನದಿನ ಕಾಲ

ವಕೀಲಿ ವೃತ್ತಿಗೆ ಸರ್ಕಾರದ ಅನುಮತಿ ಬೇಕೆಂಬ ನಿಯಮ ಕಂಪನಿ ಆಡಳಿತದಲ್ಲಿ ರೂಪುಗೊಂಡಿತು. ಬಂಗಾಳದ 1793ರ ಏಳನೆಯ ರೆಗ್ಯುಲೇಷನ್ ಸದರ್ ದಿವಾನಿ ಅದಾಲತ್ತಿಗೆ ವಕೀಲರನ್ನು ನೇಮಿಸುವ ಅಧಿಕಾರ ನೀಡಿತು. ಹಿಂದೂಗಳು ಮತ್ತು ಮುಸಲ್ಮಾನರು ಮಾತ್ರ ಅರ್ಹರಾಗಿದ್ದರು. ಕಲ್ಕತ್ತೆಯ ಮದರಸಾ ಹಾಗೂ ಬನಾರಸಿನ ಹಿಂದೂ ಕಾಲೇಜಿನ ವಿದ್ಯಾರ್ಥಿಗಳಿಗೆ ಆದ್ಯತೆಯಿತ್ತು. ನೇಮಕಗೊಂಡವನಿಗೆ ‘ಸನ್ನದು’ ದೊರೆಯುತ್ತಿತ್ತು. ಮದರಾಸು ಪ್ರಾಂತದಲ್ಲಿ 1816ರ ಹಾಗೂ ಮುಂಬಯಿ ಪ್ರಾಂತದಲ್ಲಿ 1827ರ ರೆಗ್ಯುಲೇಷನ್‌ಗಳು ಇಂತಹ ವ್ಯವಸ್ಥೆಯನ್ನು ತಂದವು. 1799ರ ನಂತರ ಮದರಾಸಿಗೆ ಸೇರಿದ ಕೆನರಾ ಮತ್ತು ಬಳ್ಳಾರಿ ಸೀಮೆಗಳು, 1818ರ ನಂತರ ಮುಂಬಯಿಗೆ ಸೇರಿದ ಧಾರವಾಡ ಸೀಮೆ ಹೀಗೆ ಸನ್ನದಿನ ವಕೀಲರನ್ನು ಕಂಡವು. ಕಕ್ಷಿದಾರನ ವಕಾಲತ್ತಿನ ಜೊತೆಗೆ ಸರ್ಕಾರದ ಸನ್ನದೂ ಬೇಕಾದ ದಿನದಿಂದ ವಕೀಲನ ಅಧಿಕಾರಕ್ಕೆ ಎರಡು ಬೇರುಗಳಾದವು. ವಕೀಲಿ ವೃತ್ತಿಯ ಮುಂದಿನ ಚರಿತ್ರೆಯೆಲ್ಲ ಎರಡನೆಯ ಬೇರು ಬಲಿತ ಚರಿತ್ರೆಯೇ ಆಗಿದೆ.

1846ರ ಕಾಯಿದೆ ಧರ್ಮ ಮತ್ತು ರಾಷ್ಟ್ರೀಯತೆಯ ನಿರ್ಬಂಧಗಳನ್ನು ತೆಗೆದುಹಾಕಿತು. 1862ರಲ್ಲಿ ಕಲ್ಕತ್ತ, ಮುಂಬಯಿ ಮತ್ತು ಮದರಾಸುಗಳಲ್ಲಿ ಹೈಕೋರ್ಟುಗಳು ಸ್ಥಾಪನೆಯಾದವು. 1879ರ ಲೀಗಲ್ ಪ್ರಾಕ್ಟಿಷನರ್ಸ್ ಕಾಯಿದೆಯ ವೇಳೆಗೆ ವೃತ್ತಿಯಲ್ಲಿ ಆರು ಶ್ರೇಣಿಗಳು ಏರ್ಪಟ್ಟಿದ್ದವು: ಹೈಕೋರ್ಟಿನಲ್ಲಿ ಅಡ್ವೊಕೇಟ್, ವಕೀಲ ಮತ್ತು ಅಟಾರ್ನಿ; ಕೆಳಗಿನ ನ್ಯಾಯಾಲಯ ಹಾಗೂ ಕಚೇರಿಗಳಲ್ಲಿ ಪ್ಲೀಡರು, ಮುಖ್ತಾರ ಮತ್ತು ರೆವಿನ್ಯೂ ಏಜೆಂಟ್. ಅಡ್ವೊಕೇಟರಲ್ಲಿ ಹೆಚ್ಚಿನವರು ಇಂಗ್ಲೆಂಡಿನಲ್ಲಿ ಬ್ಯಾರಿಸ್ಟರರಾದವರು. ಲಂಡನ್ನಿನ ಇನ್‌ಗಳಲ್ಲಿ ನಿಗದಿತ ಔತಣಗಳಲ್ಲಿ ಪಾಲ್ಗೊಂಡು, ಪರೀಕ್ಷೆ ಮುಗಿಸಿ ಬರುವುದು ಉಳ್ಳವರಿಗೆ ಮಾತ್ರ ಸಾಧ್ಯವಿತ್ತು. ಭಾರತದ ವಿಶ್ವವಿದ್ಯಾನಿಲಯಗಳ ಕಾನೂನು ಪದವೀಧರರು ವಕೀಲರಾಗುತ್ತಿದ್ದರು. ಪದವಿಯಿಲ್ಲದವರು ಪರೀಕ್ಷೆಗೆ ಕುಳಿತು ಪ್ಲೀಡರು ಅಥವಾ ಮುಖ್ತಾರರಾಗಬಹುದಿತ್ತು. ತಾಲ್ಲೂಕು ಮಟ್ಟದಲ್ಲಿ ರೈತರಿಗೆ ಹೆಚ್ಚು ಹತ್ತಿರದವರು ಈ ಕೆಳಗಿನ ಶ್ರೇಣಿಯವರೇ.

ಪದವಿಯ ಉದಯ

ಮುಂಬಯಿಯ ಸರ್ಕಾರಿ ಕಾನೂನು ಕಾಲೇಜು 1855ರಲ್ಲಿ ಆರಂಭವಾಯಿತು. 1857ರಲ್ಲಿ ಮೂರು ಪ್ರಾಂತೀಯ ವಿಶ್ವವಿದ್ಯಾನಿಲಯಗಳು ಸ್ಥಾಪನೆಯಾದವು. ಮದರಾಸಿನ ಕಾನೂನು ಕಾಲೇಜು 1891ರಲ್ಲಿ, ಪುಣೆಯ ಇಂಡಿಯನ್ ಲಾ ಸೊಸೈಟಿಯ ಕಾಲೇಜು 1924ರಲ್ಲಿ ತೆರೆದವು. ಕನ್ನಡ ನಾಡು ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದುದರಿಂದ ಕಾನೂನು ಓದುವ ಕನ್ನಡಿಗನ ದಾರಿಯೂ ಹಲವು ದಿಕ್ಕಿಗೆ ಹರಿಯಿತು. ಧಾರವಾಡ, ವಿಜಯಪುರ, ಬೆಳಗಾವಿಯವರು ಮುಂಬಯಿ ಮತ್ತು ಪುಣೆಗೆ ಹೋಗಿ ಎಲ್‌ಎಲ್.ಬಿ. ಪಡೆದರು. ಮಂಗಳೂರು, ಬಳ್ಳಾರಿಯವರು ಮದರಾಸಿಗೆ ಹೋಗಿ ಬಿ.ಎಲ್. ಪಡೆದರು. ಕಲಬುರಗಿ, ರಾಯಚೂರು, ಬೀದರಿನವರಿಗೆ ಹೈದರಾಬಾದು ಕೇಂದ್ರವಾಗಿತ್ತು. ಅಲ್ಲಿ 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯವು ಕಾನೂನನ್ನೂ ಒಳಗೊಂಡಂತೆ ಉನ್ನತ ವಿದ್ಯೆಯನ್ನು ಉರ್ದುವಿನಲ್ಲಿ ಬೋಧಿಸುವ ಪ್ರಯೋಗ ನಡೆಸಿತು. ಕಾನೂನು ಪದವಿಯನ್ನು ಭಾರತೀಯ ಭಾಷೆಯೊಂದರಲ್ಲಿ ಕಲಿಸಲು ಸಾಧ್ಯವೆಂಬುದಕ್ಕೆ ಇದು ನಿದರ್ಶನ. ಆದರೆ ಆ ಸೀಮೆಯ ಕನ್ನಡ ಕಕ್ಷಿದಾರನಿಗೆ ಅದೂ ಪರಭಾಷೆಯೇ ಆಗಿತ್ತು.

ಮೈಸೂರು ಸಂಸ್ಥಾನದ ಸ್ಥಿತಿ ಇನ್ನೂ ಕುತೂಹಲಕರ. 1884ರಲ್ಲಿ ಇಲ್ಲಿ ಚೀಫ್ ಕೋರ್ಟ್ ಸ್ಥಾಪನೆಯಾಗಿ 1930ರಲ್ಲಿ ಅದು ಹೈಕೋರ್ಟ್ ಎನಿಸಿತು. 1916ರಲ್ಲಿ ವಿಶ್ವವಿದ್ಯಾನಿಲಯವೂ ಆರಂಭವಾಯಿತು. ಹದಿನೆಂಟು ಇಲಾಖೆಗಳಿದ್ದ ಕಾರಣ ಜನ ‘ಅಠಾರಾ ಕಚೇರಿ’ ಎಂದು ಕರೆದ ಬೆಂಗಳೂರಿನ ಕೆಂಪು ಕಟ್ಟಡ ನ್ಯಾಯದಾನದ ಸಂಕೇತವಾಯಿತು. ಆದರೆ ಬೆಂಗಳೂರಿನಲ್ಲಿ ಸರ್ಕಾರಿ ಕಾನೂನು ಕಾಲೇಜು ತೆರೆದುದು 1948ರಲ್ಲಿ. ಅದಕ್ಕೆ ಮುನ್ನ ಕಾನೂನು ಓದಲು ಹೊರಪ್ರಾಂತಗಳಿಗೆ ಹೋಗುವುದು ರೂಢಿಯಾಗಿತ್ತು. ಎಸ್. ನಿಜಲಿಂಗಪ್ಪ 1926ರಲ್ಲಿ, ಕೆಂಗಲ್ ಹನುಮಂತಯ್ಯ 1932ರಲ್ಲಿ ಪುಣೆಯಲ್ಲಿ ಕಾನೂನು ಪದವಿ ಪಡೆದವರು. ಹಳ್ಳಿಯಿಂದ ಬಂದ ಇಬ್ಬರೂ ವಕೀಲಿಯಿಂದ ಸಾರ್ವಜನಿಕ ಜೀವನಕ್ಕೆ ಬಂದು ರಾಜ್ಯದ ಮುಖ್ಯಮಂತ್ರಿಗಳಾದರು. ಗಡಿಭಾಗದ ಬೆಳಗಾವಿಯಲ್ಲಿ ಕರ್ನಾಟಕ ಲಾ ಸೊಸೈಟಿಯು 1939ರಲ್ಲಿ ರಾಜಾ ಲಖಮಗೌಡ ಕಾನೂನು ಕಾಲೇಜನ್ನು ಸ್ಥಾಪಿಸಿದಾಗ ಉತ್ತರ ಕರ್ನಾಟಕದ ವಿದ್ಯಾರ್ಥಿಗಳಿಗೆ ತಮ್ಮ ಸೀಮೆಯಲ್ಲೇ ಕಾನೂನು ಓದುವ ಅವಕಾಶ ದೊರೆಯಿತು.

ಈ ಪದವೀಧರರು ನ್ಯಾಯಾಲಯಕ್ಕೆ ಸೀಮಿತರಾಗಲಿಲ್ಲ ಎಂಬುದು ಗಮನಾರ್ಹ. ಮುಂಬಯಿಯಲ್ಲಿ ಕಾನೂನು ಓದಿದ ಆಲೂರು ವೆಂಕಟರಾಯರು ಏಕೀಕರಣದ ಚಿಂತನೆಗೆ ತಳಹದಿ ಹಾಕಿದರು. ಬಾಗಲಕೋಟೆಯಲ್ಲಿ ವಕೀಲರಾಗಿದ್ದ ಕೆರೂರು ವಾಸುದೇವಾಚಾರ್ಯರು ಹೊಸಗನ್ನಡದ ಆರಂಭಕಾಲದ ಕಾದಂಬರಿಕಾರರು. ಮಂಗಳೂರಿನ ಕಾರ್ನಾಡ್ ಸದಾಶಿವರಾಯರು ವಕೀಲಿ ತೊರೆದು ಸ್ವಾತಂತ್ರ್ಯ ಚಳವಳಿಗೆ ಸರ್ವಸ್ವವನ್ನೂ ಅರ್ಪಿಸಿದರು. ವಿಜಯಪುರದ ವಕೀಲ ಫ.ಗು. ಹಳಕಟ್ಟಿಯವರು ಮಠ ಮನೆಗಳಲ್ಲಿದ್ದ ತಾಳೆಗರಿಗಳನ್ನು ಸಂಗ್ರಹಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಪ್ರಕಟಿಸಿದರು. ಪ್ರತಿಗಳನ್ನು ಹೋಲಿಸುವುದು, ಬರಹದ ಅಧಿಕೃತತೆಯನ್ನು ಪರೀಕ್ಷಿಸುವುದು, ಚೂರು ಸಾಕ್ಷ್ಯಗಳಿಂದ ಒಂದು ಪೂರ್ಣ ಚಿತ್ರವನ್ನು ಕಟ್ಟುವುದು ವಕೀಲನಿಗೂ ಸಂಪಾದಕನಿಗೂ ಸಮಾನವಾದ ಶಿಸ್ತು. ಕನ್ನಡದ ಗ್ರಂಥಸಂಪಾದನೆಗೆ ಕಾನೂನು ವಿದ್ಯೆ ಕೊಟ್ಟಿರಬಹುದಾದ ಕಾಣಿಕೆ ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾಗಿದೆ.

ತೆರೆದ ಮತ್ತು ತೆರೆಯದ ಬಾಗಿಲು

1846ರ ಕಾಯಿದೆ ಧರ್ಮಭೇದವನ್ನು ಅಳಿಸಿದರೂ ಲಿಂಗಭೇದವನ್ನು ಅಳಿಸಲಿಲ್ಲ. ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಓದಿದ ಕಾರ್ನೀಲಿಯಾ ಸೊರಾಬ್ಜಿ 1892ರಲ್ಲಿ ಆಕ್ಸ್‌ಫರ್ಡಿನ ಕಾನೂನು ಪರೀಕ್ಷೆ ಮುಗಿಸಿದರು. ಮಹಿಳೆಯೆಂಬ ಕಾರಣಕ್ಕೆ ಪದವಿ ಕೈಸೇರಿದುದು ಮೂವತ್ತು ವರ್ಷಗಳ ಬಳಿಕ, 1922ರಲ್ಲಿ. ಕಾನೂನು ಪದವಿ ಪಡೆದಿದ್ದ ರೆಜಿನಾ ಗುಹಾ ಅವರ ಅರ್ಜಿಯನ್ನು 1916ರಲ್ಲಿ ಕಲ್ಕತ್ತ ಹೈಕೋರ್ಟ್ ತಿರಸ್ಕರಿಸಿತು; ಸುಧಾಂಶುಬಾಲಾ ಹಾಜರಾ ಅವರ ಅರ್ಜಿಯನ್ನು 1921ರಲ್ಲಿ ಪಟ್ನಾ ಹೈಕೋರ್ಟ್ ತಿರಸ್ಕರಿಸಿತು. ಅದೇ 1921ರಲ್ಲಿ ಅಲಹಾಬಾದ್ ಹೈಕೋರ್ಟ್ ಸೊರಾಬ್ಜಿಯವರನ್ನು ವಕೀಲರ ಪಟ್ಟಿಗೆ ಸೇರಿಸಿಕೊಂಡಿತು. 1923ರ ಕಾಯಿದೆಯಿಂದ ಬ್ರಿಟಿಷ್ ಭಾರತದಲ್ಲಿ ಈ ತಡೆ ನಿವಾರಣೆಯಾಯಿತು. ಆದರೆ ಕಾಯಿದೆಯ ಬಾಗಿಲಿಗೂ ಜಿಲ್ಲಾ ನ್ಯಾಯಾಲಯದ ಬಾಗಿಲಿಗೂ ನಡುವೆ ಬಹುದೂರವಿತ್ತು. ಮಂಜುಳಾ ಚೆಲ್ಲೂರ್ ಅವರು ಬಳ್ಳಾರಿಯಲ್ಲಿ ವಕೀಲಿ ಆರಂಭಿಸಿದ 1978ರಲ್ಲಿ ಅಲ್ಲಿ ಅವರೇ ಮೊದಲ ಮಹಿಳಾ ವಕೀಲರು. ಕಾಯಿದೆ ಬಂದು ಆಗ ಅರ್ಧ ಶತಮಾನಕ್ಕೂ ಹೆಚ್ಚಾಗಿತ್ತು. ಅವರು 2000ದಲ್ಲಿ ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿಯಾದರು. 2014ರಲ್ಲಿ ಕಲ್ಕತ್ತ ಹೈಕೋರ್ಟಿನ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿಯಾದರು.

ಜಾತಿಯ ತಡೆ ಯಾವ ಕಾಯಿದೆಯಲ್ಲೂ ಬರೆದಿರಲಿಲ್ಲ. ಆದ್ದರಿಂದ ಅದನ್ನು ಕಾಯಿದೆಯಿಂದ ತೆಗೆದುಹಾಕುವುದೂ ಸಾಧ್ಯವಿರಲಿಲ್ಲ. ಶಾಲೆ, ಇಂಗ್ಲಿಷ್, ಪಟ್ಟಣದ ವಾಸ, ಶುಲ್ಕ ಹಾಗೂ ಹಿರಿಯ ವಕೀಲರ ಕಚೇರಿಯಲ್ಲಿ ದೊರೆಯಬೇಕಾದ ಆಸರೆ, ಇವುಗಳ ಮೂಲಕ ಅದು ಕೆಲಸ ಮಾಡುತ್ತಿತ್ತು. ಡಾ. ಬಿ.ಆರ್. ಅಂಬೇಡ್ಕರ್ ಅವರು ತಮ್ಮ ಉಳಿತಾಯ ಮತ್ತು ಕೊಲ್ಹಾಪುರದ ಶಾಹು ಮಹಾರಾಜರ ನೆರವಿನಿಂದ 1920ರಲ್ಲಿ ಲಂಡನ್ನಿಗೆ ಮರಳಿ, 1922ರಲ್ಲಿ ಗ್ರೇಸ್ ಇನ್ನಿನಿಂದ ಬ್ಯಾರಿಸ್ಟರರಾದುದು ಈ ಹಿನ್ನೆಲೆಯಲ್ಲಿ ಅಸಾಧಾರಣ ಘಟನೆ. ಕಟ್ಟೆಯ ಮೇಲೆ ಕೂರಲಾಗದ ಸಮುದಾಯದ ವ್ಯಕ್ತಿ ನ್ಯಾಯಾಲಯದಲ್ಲಿ ಸರಿಸಮನಾಗಿ ನಿಂತು ಮಾತನಾಡಲು ಪದವಿ ಅವಕಾಶ ಕೊಟ್ಟಿತು. ಕರ್ನಾಟಕದಲ್ಲಿ 1972ರಲ್ಲಿ ನೇಮಕಗೊಂಡ ಮೊದಲ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿ 1975ರಲ್ಲಿ ವರದಿ ನೀಡಿದ ಎಲ್.ಜಿ. ಹಾವನೂರು ಅವರೂ ವಕೀಲರೇ. ಪದವಿಯ ಸಾಮಾಜಿಕ ಮೌಲ್ಯವನ್ನು ಅಳೆಯುವಾಗ ಇಂತಹ ನಿದರ್ಶನಗಳನ್ನು ಮರೆಯಲಾಗದು.

ಒಂದೇ ಶ್ರೇಣಿ, ಹೊಸ ಮೆಟ್ಟಿಲುಗಳು

1926ರ ಬಾರ್ ಕೌನ್ಸಿಲ್ ಕಾಯಿದೆಯು ಹೈಕೋರ್ಟಿನ ಅಡ್ವೊಕೇಟ್ ಮತ್ತು ವಕೀಲರ ನಡುವಿನ ಅಂತರವನ್ನು ಕುಗ್ಗಿಸಿತು. 1951ರಲ್ಲಿ ನೇಮಕಗೊಂಡ ಎಸ್.ಆರ್. ದಾಸ್ ಅಧ್ಯಕ್ಷತೆಯ ಅಖಿಲ ಭಾರತ ಬಾರ್ ಸಮಿತಿಯು 1953ರಲ್ಲಿ ವರದಿ ಸಲ್ಲಿಸಿ, ಇಡೀ ದೇಶಕ್ಕೆ ಒಂದೇ ವಕೀಲವರ್ಗ ಇರಬೇಕೆಂದೂ ಪದವಿಯಿಲ್ಲದ ಪ್ಲೀಡರು, ಮುಖ್ತಾರರನ್ನು ಮುಂದೆ ಸೇರಿಸಿಕೊಳ್ಳಬಾರದೆಂದೂ ಶಿಫಾರಸು ಮಾಡಿತು. 1961ರ ವಕೀಲರ ಕಾಯಿದೆ ಇದನ್ನು ಜಾರಿಗೆ ತಂದಿತು. ಕಾನೂನು ಪದವಿ, ಇಪ್ಪತ್ತೊಂದು ವರ್ಷ ವಯಸ್ಸು ಮತ್ತು ರಾಜ್ಯ ವಕೀಲರ ಪರಿಷತ್ತಿನಲ್ಲಿ ನೋಂದಣಿ ಮುಖ್ಯ ಅರ್ಹತೆಗಳಾದವು. 1967ರಿಂದ ಪದವಿಯ ವ್ಯಾಸಂಗ ಮೂರು ವರ್ಷಗಳದ್ದಾಯಿತು. ಶಾಸನದ ದೃಷ್ಟಿಯಲ್ಲಿ ಎಲ್ಲರೂ ‘ಅಡ್ವೊಕೇಟ್’ ಆದರು. ‘ವಕೀಲ’ ಎಂಬ ಶ್ರೇಣಿ ಅಳಿಯಿತು. ಆದರೆ ಜನರ ಬಾಯಲ್ಲಿ ನಡೆದುದು ಇದಕ್ಕೆ ವಿರುದ್ಧ. ಅಲ್ಲಿ ಆರು ಶ್ರೇಣಿಗಳೂ ‘ವಕೀಲ’ ಎಂಬ ಒಂದೇ ಪದದಲ್ಲಿ ಸೇರಿಹೋದವು. ನೋಂದಣಿಗೆ ‘ಸನದು’ ಎಂಬ ಹಳೆಯ ಪದವೂ ಕನ್ನಡ ವಕೀಲರ ಮಾತಿನಲ್ಲಿ ಉಳಿದಿದೆ.

ಪದವಿಯೊಂದೇ ಸಾಕೇ ಎಂಬ ಪ್ರಶ್ನೆ ಮತ್ತೆ ಮತ್ತೆ ಎದ್ದಿದೆ. 1961ರ ಕಾಯಿದೆಯಲ್ಲಿ ಪದವಿಯ ನಂತರ ತರಬೇತಿ ಮತ್ತು ಪರೀಕ್ಷೆ ಇದ್ದವು. 1973ರ ತಿದ್ದುಪಡಿ ಅವನ್ನು ಕೈಬಿಟ್ಟಿತು. 1995ರಲ್ಲಿ ಭಾರತೀಯ ವಕೀಲರ ಪರಿಷತ್ತು ತರಬೇತಿ ನಿಯಮಗಳನ್ನು ತಂದಾಗ 1999ರಲ್ಲಿ ಸುಪ್ರೀಂ ಕೋರ್ಟ್ ಅವನ್ನು ರದ್ದುಪಡಿಸಿತು. 2010ರಲ್ಲಿ ರೂಪುಗೊಂಡು 2011ರ ಮಾರ್ಚಿಯಲ್ಲಿ ಮೊದಲ ಬಾರಿಗೆ ನಡೆದ ಅಖಿಲ ಭಾರತ ವಕೀಲರ ಪರೀಕ್ಷೆಯನ್ನು 2023ರ ಫೆಬ್ರುವರಿಯಲ್ಲಿ ಸಂವಿಧಾನ ಪೀಠ ಎತ್ತಿಹಿಡಿಯಿತು. ನೋಂದಣಿಗೆ ರಾಜ್ಯ ಪರಿಷತ್ತುಗಳು ಕಾಯಿದೆ ಮೀರಿ ಶುಲ್ಕ ಪಡೆಯುವಂತಿಲ್ಲವೆಂದು 2024ರ ಜುಲೈ 30ರಂದು ಸುಪ್ರೀಂ ಕೋರ್ಟ್ ತೀರ್ಪಿತ್ತಿತು. ಕಾಯಿದೆ ನಿಗದಿಪಡಿಸಿದ್ದ ಶುಲ್ಕ ಸಾಮಾನ್ಯ ವರ್ಗಕ್ಕೆ 750 ರೂಪಾಯಿ, ಪರಿಶಿಷ್ಟರಿಗೆ 125 ರೂಪಾಯಿ. ಬಡ ಪದವೀಧರನಿಗೆ ಶುಲ್ಕವೇ ಒಂದು ಗೋಡೆಯಾಗಬಲ್ಲದೆಂಬುದನ್ನು ಈ ತೀರ್ಪು ಗುರುತಿಸಿತು. ಸಿವಿಲ್ ನ್ಯಾಯಾಧೀಶರ ಹುದ್ದೆಗೆ ಮೂರು ವರ್ಷಗಳ ವಕೀಲಿ ಅನುಭವ ಬೇಕೆಂದು 2025ರ ಮೇ 20ರಂದು ಅದೇ ನ್ಯಾಯಾಲಯ ಹೇಳಿದುದು ಪುಸ್ತಕದ ವಿದ್ಯೆಗೆ ಕಚೇರಿಯ ಅನುಭವ ಜೊತೆಯಾಗಬೇಕೆಂಬ ಹಳೆಯ ತಿಳಿವಳಿಕೆಯ ಪುನರುಕ್ತಿಯೇ ಆಗಿದೆ.

ಇದೇ ಅವಧಿಯಲ್ಲಿ ಪದವಿಯ ಸ್ವರೂಪವೂ ಬದಲಾಯಿತು. ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯಲ್ಲಿ 1988ರಲ್ಲಿ ಎನ್.ಆರ್. ಮಾಧವ ಮೆನನ್ ಅವರ ನೇತೃತ್ವದಲ್ಲಿ ಐದು ವರ್ಷಗಳ ಸಂಯೋಜಿತ ಪದವಿಯ ಮೊದಲ ತಂಡ ಓದು ಆರಂಭಿಸಿತು. ಹೊರಪ್ರಾಂತಗಳಿಗೆ ಹೋಗಿ ಕಾನೂನು ಕಲಿಯಬೇಕಾಗಿದ್ದ ನಗರಕ್ಕೆ ನಲವತ್ತೇ ವರ್ಷಗಳಲ್ಲಿ ದೇಶದ ವಿದ್ಯಾರ್ಥಿಗಳು ಬರುವಂತಾಯಿತು. ಮತ್ತೊಂದೆಡೆ 2009ರಲ್ಲಿ ಹುಬ್ಬಳ್ಳಿಯಲ್ಲಿ ಸ್ಥಾಪನೆಯಾದ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾನಿಲಯವು ಜಿಲ್ಲೆಗಳ ಕಾಲೇಜುಗಳನ್ನು ಒಂದೇ ಆಡಳಿತಕ್ಕೆ ತಂದಿತು. ಮೊದಲನೆಯದರ ಪ್ರವೇಶ ಪರೀಕ್ಷೆ ಇಂಗ್ಲಿಷಿನಲ್ಲಿ ನಡೆಯುತ್ತದೆ. ಎರಡನೆಯದರಲ್ಲಿ ಕನ್ನಡದಲ್ಲಿ ಉತ್ತರ ಬರೆಯಲು ಅವಕಾಶವಿದೆ. ಒಂದೇ ಪದವಿಯ ಒಳಗೆ ಎರಡು ಲೋಕಗಳು ಹೀಗೆ ಅಕ್ಕಪಕ್ಕದಲ್ಲಿವೆ.

ಭಾಷೆಯ ಪ್ರಶ್ನೆ

ಈ ಚರಿತ್ರೆಯ ಉದ್ದಕ್ಕೂ ಒಂದು ಬಾಗಿಲು ತೆರೆದಾಗಲೆಲ್ಲ ಮತ್ತೊಂದು ದೂರ ಬೆಳೆದಿದೆ. ಧರ್ಮ, ಲಿಂಗ, ಶ್ರೇಣಿಗಳ ತಡೆಗಳು ಕಾಯಿದೆಯಲ್ಲಿ ಒಂದೊಂದಾಗಿ ಬಿದ್ದವು. ಪ್ಲೀಡರು, ಮುಖ್ತಾರರು ಮರೆಯಾಗಿ ಪದವೀಧರರು ಬಂದರು. ಅದೇ ವೇಳೆಗೆ ವಕೀಲನ ವಿದ್ಯೆ ಕಕ್ಷಿದಾರ ಅರಿಯದ ಭಾಷೆಯಲ್ಲಿ ನೆಲೆಗೊಂಡಿತು. ಸಂವಿಧಾನದ 348ನೆಯ ವಿಧಿಯಂತೆ ಹೈಕೋರ್ಟಿನ ಕಲಾಪದ ಭಾಷೆ ಇಂಗ್ಲಿಷ್. ಕೆಳ ನ್ಯಾಯಾಲಯಗಳಲ್ಲಿ ಕನ್ನಡ ಬಳಕೆಗೆ ಅವಕಾಶವಿದ್ದರೂ ಪದವಿಯ ಪಠ್ಯ, ತೀರ್ಪುಗಳ ವರದಿ ಹಾಗೂ ಶಾಸನದ ವ್ಯಾಖ್ಯಾನಗಳೆಲ್ಲ ಬಹುಪಾಲು ಇಂಗ್ಲಿಷಿನಲ್ಲೇ ಇವೆ. 2024ರ ಡಿಸೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠವೊಂದು ಕನ್ನಡದಲ್ಲೂ ತೀರ್ಪು ನೀಡಿದುದು ಸುದ್ದಿಯಾಯಿತು. ಅದು ಸುದ್ದಿಯಾಯಿತು ಎಂಬುದೇ ಅದರ ವಿರಳತೆಯನ್ನು ತೋರಿಸುತ್ತದೆ.

ವಕಾಲತ್ತಿಗೆ ಹೆಬ್ಬೆಟ್ಟು ಒತ್ತುವ ಕಕ್ಷಿದಾರ ತನ್ನ ಮಾತನ್ನು ಮತ್ತೊಬ್ಬನಿಗೆ ಒಪ್ಪಿಸುತ್ತಾನೆ. ಒಪ್ಪಿಸಿದ ಮಾತು ನ್ಯಾಯಪೀಠದ ಮುಂದೆ ಏನಾಯಿತೆಂಬುದನ್ನು ತಿಳಿಯಲಾಗದಿದ್ದಾಗ ನಂಬಿಕೆ ಮಾತ್ರ ಉಳಿಯುತ್ತದೆ. ಪರೀಕ್ಷಿಸುವ ಶಕ್ತಿ ಉಳಿಯುವುದಿಲ್ಲ. ಆರಂಭದಲ್ಲಿ ಉಲ್ಲೇಖಿಸಿದ ಗಾದೆಯಲ್ಲಿ ವಕೀಲ ಕಾಣಿಸದಿರುವುದಕ್ಕೆ ಇದೂ ಒಂದು ಕಾರಣವಿರಬಹುದು. ಜನಪದರು ಅವನನ್ನು ದೂರಲಿಲ್ಲ; ಅವನು ಆಡಿದ ಮಾತು ಅವರ ಕಿವಿಗೆ ತಲುಪಲಿಲ್ಲ.

ಕಾನೂನು ಪದವಿ ಸಾಧಿಸಿದುದು ಅಲ್ಪವಲ್ಲ. ಕಟ್ಟೆಯ ಕೆಳಗೆ ನಿಂತವರ ಮಕ್ಕಳು ಕಪ್ಪು ಕೋಟು ತೊಟ್ಟು ವಾದಿಸುವಂತಾಗಲು ಅದು ಸಾಧನವಾಯಿತು. ಅಖಿಲ ಭಾರತ ವಕೀಲರ ಪರೀಕ್ಷೆಯನ್ನು ಕನ್ನಡವೂ ಸೇರಿದಂತೆ ಹಲವು ಭಾಷೆಗಳಲ್ಲಿ ಬರೆಯಲು ದೊರೆತ ಅವಕಾಶ, ಕನ್ನಡದಲ್ಲಿ ಕಾನೂನು ಪರೀಕ್ಷೆ ಬರೆಯುವ ವಿದ್ಯಾರ್ಥಿಗಳು, ಕನ್ನಡದಲ್ಲಿ ತೀರ್ಪು ಬರೆಯುವ ನ್ಯಾಯಾಧೀಶರು ಮುಂದಿನ ದಾರಿಯನ್ನು ಸೂಚಿಸುತ್ತಾರೆ. ಅರಬ್ಬೀ, ಫಾರಸಿ ಪದಗಳನ್ನು ಅರಗಿಸಿಕೊಂಡ ಕನ್ನಡಕ್ಕೆ ಆಧುನಿಕ ಕಾನೂನನ್ನು ಅರಗಿಸಿಕೊಳ್ಳುವ ಶಕ್ತಿಯಿದೆ ಎಂಬುದಕ್ಕೆ ಅರ್ಜಿ, ಜಾಮೀನು, ವಕಾಲತ್ತುಗಳೇ ಸಾಕ್ಷಿ. ಸನ್ನದು ಮತ್ತು ಪದವಿಗಳು ವಕೀಲನಿಗೆ ಸರ್ಕಾರ ಕೊಟ್ಟ ಅಧಿಕಾರ. ವಕಾಲತ್ತು ಜನರು ಕೊಟ್ಟ ಅಧಿಕಾರ. ಎರಡೂ ಒಂದೇ ಭಾಷೆಯಲ್ಲಿ ಸೇರಿದಾಗ ವಕೀಲನಾಗುವ ದಾರಿಯ ಈ ದೀರ್ಘ ಪಯಣ ಸಾರ್ಥಕವಾದೀತು.